ಸೋರುವ ಕಿವಿಯೊಳಗೆ ಸವೆಯುವ ಮೂಳೆಗಳು

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹಿರಿಯ ನಾಗರಿಕರು ಮತ್ತು ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರುಮಾಡುವ ಮೊದಲು ನಿಮ್ಮಿಂದ ಒಂದು ಕೆಲಸ ಆಗಬೇಕು. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತಿದ್ದೆವಲ್ಲ, ಹಾಗೆ ಬಾಯಿ ಮುಚ್ಚಿಕೊಂಡು ಒಂದೇ ಸಮನೆ ಹೂಂಗುಟ್ಟಿ. ದನಿ ತಲೆಯ ನಡುವೆ ಎಲ್ಲೋ ಕೇಳಿಸುತ್ತಿದೆ. ಈಗ ಬಲಗಿವಿಯ ತೂತನ್ನು ಬೆರಳಿನಿಂದ ಒತ್ತಿ ಮುಚ್ಚಿ, ಮತ್ತೆ ಹೂಂಗುಟ್ಟಿ. ದನಿ ಬಲಕ್ಕೆ ಸರಿಯಿತು, ಅಲ್ಲವೇ? ತೆರೆದ ಕಿವಿಗಿಂತ ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿಸಿತು.

ದನಿ ಒಳಗಿವಿಯನ್ನು ಮುಟ್ಟಲು ಎರಡು ದಾರಿಗಳಿವೆ. ಒಂದು ಗಾಳಿಯ ದಾರಿ, ಇನ್ನೊಂದು ತಲೆಬುರುಡೆಯ ಮೂಳೆಯ ದಾರಿ. ಗಾಳಿಯ ದಾರಿಯನ್ನು ಮುಚ್ಚಿದರೆ ಆ ಕಿವಿಗೆ ಮೂಳೆಯ ದಾರಿಯಿಂದ ಬಂದದ್ದು ಹೆಚ್ಚಾಗಿ ಕೇಳಿಸುತ್ತದೆ. ಜರ್ಮನಿಯ ಅರ್ನ್ಸ್ಟ್ ಹೈನ್ರಿಖ್ ವೇಬರ್ 1834ರಲ್ಲಿ ಇದನ್ನು ಬರೆದಿಟ್ಟರು. ನಾವು ಇವತ್ತಿಗೂ ಶ್ರುತಿಕವೆಯನ್ನು, ಅಂದರೆ ತಟ್ಟಿದರೆ ಒಂದೇ ಸ್ವರದಲ್ಲಿ ಮಿಡಿಯುವ ಎರಡು ಕವಲಿನ ಲೋಹದ ಕಡ್ಡಿಯನ್ನು (ಟ್ಯೂನಿಂಗ್ ಫೋರ್ಕ್), ಮೊಣಕೈಗೆ ತಟ್ಟಿ, ರೋಗಿಯ ಹಣೆಯ ಮೇಲಿಟ್ಟು, ‘ಯಾವ ಕಡೆ ಕೇಳಿಸುತ್ತದೆ’ ಎಂದು ಕೇಳುತ್ತೇವೆ. ಬೆರಳು ಇಡದೆಯೇ ದನಿ ಒಂದು ಕಡೆಗೆ ಸರಿದರೆ, ಆ ಕಡೆಯ ಗಾಳಿಯ ದಾರಿಯಲ್ಲಿ ಏನೋ ಅಡ್ಡಿಯಿದೆ, ಇಲ್ಲವೇ ಇನ್ನೊಂದು ಕಿವಿಯ ನರ ಸೋತಿದೆ ಎಂದು ಅರ್ಥ.

ಮೂರನೆಯ ಸಾಲಿನ ಹಿರಿಯರೊಬ್ಬರು ಕೈ ಎತ್ತಿದರು. “ನನಗೆ ಮುಚ್ಚದೆಯೇ ಬಲಗಡೆ ಕೇಳಿಸುತ್ತದಲ್ಲ, ಡಾಕ್ಟರಮ್ಮ?” ಸ್ವಲ್ಪ ತಡೆಯಿರಿ ಯಜಮಾನರೇ, ಕೊನೆಯಲ್ಲಿ ನಿಮ್ಮ ಹತ್ತಿರ ಬರುತ್ತೇನೆ ಎಂದೆ.

ಗಾಳಿಯ ದಾರಿಯಲ್ಲಿ, ಕಿವಿಯ ತಮಟೆಯ ಹಿಂದೆ, ಮೂರು ಮೂಳೆಗಳು ಕೊಂಡಿಯಂತೆ ಕೂತಿವೆ. ಶಾಲೆಯ ಪುಸ್ತಕದಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಓದಿದ್ದೀರಿ. ಸುತ್ತಿಗೆಯ ಹಿಡಿ ತಮಟೆಗೆ ಅಂಟಿಕೊಂಡಿದೆ. ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ ಮೂಳೆ ಒಳಗಿವಿಯ ಕಿಟಕಿಯಲ್ಲಿ ಕೂತಿದೆ. ಅವೆರಡರ ನಡುವಿನ ಕೊಂಡಿ ಅಡಿಗಲ್ಲು. ರಿಕಾಪು ನಮ್ಮ ಮೈಯ ಅತಿ ಚಿಕ್ಕ ಮೂಳೆ. ಎತ್ತರ ಸುಮಾರು 3 ಮಿಲಿಮೀಟರ್, ತೂಕ ಸುಮಾರು 3 ಮಿಲಿಗ್ರಾಂ. ಒಂದು ಅಕ್ಕಿಕಾಳಿನ ತೂಕಕ್ಕೆ ಐದಾರು ರಿಕಾಪುಗಳು ಬೇಕಾಗುತ್ತವೆ. ಇನ್ನೊಂದು ವಿಶೇಷವೆಂದರೆ, ಹುಟ್ಟಿದ ದಿನವೇ ಈ ಮೂಳೆಗಳು ತಮ್ಮ ಪೂರ್ಣ ಅಳತೆಯಲ್ಲಿರುತ್ತವೆ. ತೊಟ್ಟಿಲಲ್ಲಿ ಮಲಗಿರುವ ಕೂಸಿನದೂ ಪಕ್ಕದಲ್ಲಿ ಕೂತ ಅಜ್ಜನದೂ ಒಂದೇ ಗಾತ್ರ.

ಮೂರು ಮೂಳೆಗಳು ಯಾಕೆ ಬೇಕು? ಕಲ್ಯಾಣಿಯಲ್ಲಿ ಮುಳುಗಿ ಈಜಿದವರಿಗೆ ಇದು ಗೊತ್ತಿರುತ್ತದೆ. ಮೆಟ್ಟಿಲ ಮೇಲೆ ನಿಂತು ಅಮ್ಮ ಎಷ್ಟು ಕೂಗಿದರೂ ನೀರಿನೊಳಗಿರುವವನಿಗೆ ಕೇಳಿಸದು. ಗಾಳಿಯಲ್ಲಿ ಬಂದ ದನಿ ನೀರಿನ ಮೇಲ್ಮೈಗೆ ಬಡಿದು ಹೆಚ್ಚುಕಡಿಮೆ ಪೂರ್ತಿ ಹಿಂದಿರುಗುತ್ತದೆ. ಒಳಗೆ ಇಳಿಯುವುದು ಸಾವಿರದಲ್ಲಿ ಒಂದು ಪಾಲು. ನಮ್ಮ ಒಳಗಿವಿ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿರುವ ಕಾಕ್ಲಿಯ, ನೀರಿನಿಂದಲೇ ತುಂಬಿದೆ. ಗಾಳಿಯ ದನಿಯನ್ನು ಆ ನೀರಿಗೆ ಇಳಿಸುವ ಕೆಲಸ ಈ ಮೂರು ಮೂಳೆಗಳದು.

ಅದನ್ನು ಅವು ಎರಡು ಉಪಾಯಗಳಿಂದ ಮಾಡುತ್ತವೆ. ತಮಟೆಯ ಅದುರುವ ಭಾಗ ಸುಮಾರು 55 ಚದರ ಮಿಲಿಮೀಟರ್, ರಿಕಾಪಿನ ಪಾದ ಸುಮಾರು 3.2. ಅಷ್ಟಗಲದ ಒತ್ತಡವನ್ನು ಇಷ್ಟಗಲಕ್ಕೆ ತಂದರೆ ಅದು 17 ಪಟ್ಟಾಗುತ್ತದೆ, ಮೊಳೆಯ ತಲೆಗೆ ಬಿದ್ದ ಪೆಟ್ಟು ಮೊನೆಯಲ್ಲಿ ಇಳಿಯುವ ಹಾಗೆ. ಇದರ ಮೇಲೆ, ಸುತ್ತಿಗೆಯ ಹಿಡಿ ಅಡಿಗಲ್ಲಿನ ಕಾಲಿಗಿಂತ ತುಸು ಉದ್ದವಿರುವುದರಿಂದ ಮೀಟುಗೋಲಿನ ಲಾಭ 1.3 ಪಟ್ಟು. ಎರಡೂ ಸೇರಿ ಸುಮಾರು 22 ಪಟ್ಟು. ಕರೆಂಟಿಲ್ಲ, ಬ್ಯಾಟರಿಯಿಲ್ಲ. ಇಪ್ಪತ್ತೈದು ವರ್ಷಗಳಿಂದ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡುತ್ತಿದ್ದರೂ ನನಗೆ ಇದರ ಬೆರಗು ಇಳಿದಿಲ್ಲ.

ಹಕ್ಕಿಗಳಿಗೆ ಇಲ್ಲಿ ಒಂದೇ ಮೂಳೆ. ಕೋಗಿಲೆ ಅದರಲ್ಲೇ ಕೇಳುತ್ತದೆ. ಕಪ್ಪೆ, ಹಲ್ಲಿಗಳಿಗೂ ಒಂದೇ. ಸುತ್ತಿಗೆ ಮತ್ತು ಅಡಿಗಲ್ಲು ನಮ್ಮ ಬಹು ಹಿಂದಿನ ಪೂರ್ವಜರಲ್ಲಿ ದವಡೆಯ ಕೀಲಿನ ಮೂಳೆಗಳಾಗಿದ್ದವು. ಕಾರ್ಲ್ ರೈಖರ್ಟ್ 1837ರಲ್ಲೇ ಭ್ರೂಣಗಳನ್ನು ಪರೀಕ್ಷಿಸಿ ಈ ನಂಟನ್ನು ಕಂಡುಕೊಂಡರು. ಅಗಿಯುವ ಮೂಳೆಗಳು ಆಲಿಸುವ ಮೂಳೆಗಳಾದವು. ಈ ‘ಒಂದೇ ಮೂಳೆ’ಯ ವಿಷಯವನ್ನು ನೆನಪಿನಲ್ಲಿಡಿ, ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಬೇಕಾಗುತ್ತದೆ.

ಈಗ ಹಾನಿಯ ವಿಷಯ. ನಾನು ಈ ಭಾನುವಾರ ಇಲ್ಲಿಗೆ ಬಂದದ್ದೇ ಇದನ್ನು ಹೇಳಲು. ನಮ್ಮ ಮನೆಗಳಲ್ಲಿ ‘ಕಿವಿ ಸೋರುತ್ತದೆ’ ಎನ್ನುವುದನ್ನು ನೆಗಡಿಯ ಹಾಗೆ ಹೇಳುತ್ತೇವೆ. ಹತ್ತಿ ಇಟ್ಟು ಶಾಲೆಗೆ ಕಳಿಸುತ್ತೇವೆ. ‘ದೊಡ್ಡವನಾದ ಮೇಲೆ ತಾನೇ ನಿಲ್ಲುತ್ತದೆ’ ಎಂದು ಅಕ್ಕಪಕ್ಕದವರು ಸಮಾಧಾನ ಹೇಳುತ್ತಾರೆ. ನೋವಿದ್ದರೆ ಯಾರಾದರೂ ಓಡಿ ಬರುತ್ತಾರೆ. ವರ್ಷಗಟ್ಟಲೆ ಸೋರುವ ಕಿವಿಯಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ. ನೋವಿಲ್ಲದ ಆ ವರ್ಷಗಳಲ್ಲಿಯೇ ಮೂಳೆ ಕರಗುವುದು.

ಮೊದಲು ಕರಗುವುದು ನಡುವಿನ ಅಡಿಗಲ್ಲು, ಅದರಲ್ಲೂ ರಿಕಾಪಿನ ಕಡೆಗೆ ಇಳಿಬಿದ್ದ ಅದರ ಉದ್ದನೆಯ ಕಾಲಿನ ತುದಿ. ಸೂಜಿಯ ಹಾಗೆ ತೆಳ್ಳಗಿರುವ ಆ ತುದಿಗೆ ರಕ್ತದ ಪೂರೈಕೆ ಬಲು ಕಡಿಮೆ. ಸುತ್ತ ಕೀವು, ಊತ, ಊದಿಕೊಂಡ ಒಳಪದರ. ಸುತ್ತಿಗೆಗೆ ತಮಟೆಯ ಆಸರೆಯಿದೆ, ಒಂದು ಸ್ನಾಯುವೂ ಇದೆ. ರಿಕಾಪಿಗೂ ಸುತ್ತ ಪಟ್ಟಿಯಿದೆ, ಅದರದೇ ಸ್ನಾಯುವಿದೆ. ಅಡಿಗಲ್ಲಿಗೆ ಯಾವ ಸ್ನಾಯುವೂ ಇಲ್ಲ, ಅದು ನಡುವೆ ತೂಗಾಡುತ್ತಿರುತ್ತದೆ. ಸೋಂಕು ಬಂದರೂ ಅದಕ್ಕೇ ಪೆಟ್ಟು, ತಲೆಗೆ ಏಟು ಬಿದ್ದರೂ ಅದಕ್ಕೇ ಪೆಟ್ಟು. ಕೈಕಾಲು ಮುರಿದರೆ ಪುತ್ತೂರು ಕಟ್ಟು ಕಟ್ಟಿಸುತ್ತೀರಿ ಅಥವಾ ಪ್ಲಾಸ್ಟರ್ ಹಾಕಿಸುತ್ತೀರಿ, ಮೂಳೆ ಕೂಡಿಕೊಳ್ಳುತ್ತದೆ. ಈ ಮೂಳೆಗಳು ಹಾಗೆ ತಾವಾಗಿ ಕೂಡಿಕೊಳ್ಳುವುದು ಅಪರೂಪ. ಕರಗಿದ್ದು ಮತ್ತೆ ಬೆಳೆಯುವುದಿಲ್ಲ.

ಸೋರುವ ಕಿವಿಗಳಲ್ಲಿ ಎರಡು ಜಾತಿ. ತಮಟೆಯ ನಡುವೆ ತೂತಾಗಿ, ನೆಗಡಿಯಾದಾಗ ಅಥವಾ ನೀರು ಹೋದಾಗ ಲೋಳೆಯಂತೆ ಸೋರುವುದು ಒಂದು. ಇದು ಕಡಿಮೆ ಅಪಾಯದ್ದು. ಇನ್ನೊಂದರಲ್ಲಿ ಸೋರುವುದು ತೀರ ಸ್ವಲ್ಪ, ದಿಂಬಿನ ಮೇಲೆ ಕಲೆಯಾಗುವಷ್ಟು. ಆದರೆ ಕೆಟ್ಟ ವಾಸನೆ. ಅದು ಕೊಲೆಸ್ಟಿಯಟೋಮ. ಹೆಸರು 1838ರಲ್ಲಿ ಯೋಹಾನೆಸ್ ಮ್ಯೂಲರ್ ಇಟ್ಟದ್ದು. ಹೆಸರು ಹೇಳುವಂತೆ ಅದರಲ್ಲಿ ಕೊಲೆಸ್ಟರಾಲಿನ ಗಡ್ಡೆಯೇನೂ ಇಲ್ಲ. ಇರುವುದು ಚರ್ಮ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಗಾಳಿ ಒಯ್ಯುವ ಯೂಸ್ಟೇಶಿಯನ್ ನಾಳ ಸರಿಯಾಗಿ ತೆರೆಯದೆ ಹೋದರೆ ತಮಟೆ ಒಳಕ್ಕೆ ಸೆಳೆದುಕೊಂಡು ಚೀಲದಂತಾಗುತ್ತದೆ. ಚರ್ಮದ ಕೆಲಸವೇ ಹಳೆಯ ಪದರವನ್ನು ಉದುರಿಸುವುದು. ಹೊರಗೆ ಉದುರಿದರೆ ಸ್ನಾನದಲ್ಲಿ ತೊಳೆದು ಹೋಗುತ್ತದೆ. ಚೀಲದೊಳಗೆ ಉದುರಿದ್ದು ಅಲ್ಲೇ ಕೂಡುತ್ತ, ಬೆಳೆಯುತ್ತ, ತಾಗಿದ ಮೂಳೆಯನ್ನು ಕರಗಿಸುತ್ತ ಹೋಗುತ್ತದೆ. ಮೂರು ಮೂಳೆಗಳ ಆಚೆಗೆ ಮುಖದ ನರವಿದೆ, ತಲೆ ತಿರುಗದಂತೆ ನೋಡಿಕೊಳ್ಳುವ ಅರ್ಧವರ್ತುಲ ನಾಳಗಳಿವೆ, ತೆಳುವಾದ ಮೂಳೆಯ ಮೇಲ್ಚಾವಣಿಯ ಮೇಲೆ ಮಿದುಳಿದೆ. ಬಾಯಿ ಸೊಟ್ಟಗಾದ ಮೇಲೆ ಬಂದವರನ್ನು, ಮಿದುಳಿನಲ್ಲಿ ಕೀವುಗಟ್ಟಿ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅವರೆಲ್ಲರ ಕಥೆಯೂ ‘ಚಿಕ್ಕಂದಿನಿಂದ ಸ್ವಲ್ಪ ಸೋರುತ್ತಿತ್ತು’ ಎಂದೇ ಆರಂಭವಾಗುತ್ತದೆ.

‘ಕಿವಿ ಚೆನ್ನಾಗಿ ಕೇಳಿಸುತ್ತದೆ, ಮತ್ತೆ ಆಪರೇಷನ್ ಯಾಕೆ’ ಎಂದು ತಂದೆತಾಯಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅಡಿಗಲ್ಲಿನ ಕಾಲು ಪೂರ್ತಿ ಕರಗಿ ಹೋಗಿದ್ದರೂ, ಆ ಜಾಗದಲ್ಲಿ ಕೊಲೆಸ್ಟಿಯಟೋಮದ ಮುದ್ದೆಯೇ ಸೇತುವೆಯಂತೆ ಕೂತು ದನಿಯನ್ನು ದಾಟಿಸುತ್ತಿರುವುದುಂಟು. ರೋಗವೇ ಕೇಳಿಸುತ್ತಿರುತ್ತದೆ. ಅದನ್ನು ತೆಗೆದ ಮೇಲೆ ಕೆಲವು ಕಾಲ ಕೇಳುವಿಕೆ ಮೊದಲಿಗಿಂತ ಕಡಿಮೆಯಾಗಬಹುದು. ಇದನ್ನು ಆಪರೇಷನ್‌ಗೆ ಮೊದಲೇ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ. ಹೇಳದೆ ಮಾಡಿದರೆ, ‘ಚೆನ್ನಾಗಿದ್ದ ಕಿವಿಯನ್ನು ಹಾಳುಮಾಡಿದರು’ ಎಂದು ಆ ಮನೆಯವರು ಜನ್ಮವಿಡೀ ನಂಬುತ್ತಾರೆ. ಅವರ ಮಾತು ಕೇಳಿ ಇನ್ನೂ ಹತ್ತು ಮನೆಯವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ.

ಇದರ ಎದುರು ತುದಿಯ ಸಂಗತಿಯೂ ಇದೆ. ತಮಟೆ ಸರಿಯಾಗಿದ್ದು ಹಿಂದಿನ ಮೂರು ಮೂಳೆಗಳ ಸರಪಳಿ ಮಾತ್ರ ಕಡಿದಿದ್ದರೆ ಕೇಳುವಿಕೆ ಅತಿ ಹೆಚ್ಚು ಕುಸಿಯುತ್ತದೆ, 60 ಡೆಸಿಬಲ್‌ವರೆಗೆ. ತಮಟೆಯಲ್ಲಿ ತೂತೂ ಇದ್ದರೆ ನಷ್ಟ ಅದಕ್ಕಿಂತ ಕಡಿಮೆ. ತೂತಿನ ಮೂಲಕ ದನಿ ನೇರವಾಗಿ ಕಿಟಕಿಗೆ ತಲುಪಬಹುದು, ಗಟ್ಟಿ ತಮಟೆಯಾದರೆ ಬಾಗಿಲು ಹಾಕಿದಂತೆ. ನಾವು ಎದುರು ಬದುರು ಕೂತು ಆಡುವ ಮಾತಿನ ಮಟ್ಟವೇ ಸುಮಾರು 60 ಡೆಸಿಬಲ್. ಅಂದರೆ ಆ ಕಿವಿಗೆ ಮಾತು ಕೇಳಿಸೀತೋ ಇಲ್ಲವೋ ಎಂಬ ಅಂಚಿನಲ್ಲಿರುತ್ತದೆ. ಇಣುಕಿ ನೋಡಿದ ವೈದ್ಯರಿಗೆ ತಮಟೆ ಮುತ್ತಿನಂತೆ ಹೊಳೆಯುತ್ತಿರುತ್ತದೆ. ಅಲ್ಲಿಗೇ ನಿಲ್ಲಿಸಿದರೆ ಕಾರಣ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಇಂತಹ ಕಿವಿಗಳನ್ನು ನನ್ನ ಬಳಿಗೆ ಹೆಚ್ಚಾಗಿ ತರುವುದು ದ್ವಿಚಕ್ರ ವಾಹನಗಳು. ರಸ್ತೆಗುಂಡಿಗೆ ಬಿದ್ದು ತಲೆಯ ಪಕ್ಕಕ್ಕೆ ಪೆಟ್ಟಾಗುತ್ತದೆ, ಕಿವಿಯಿಂದ ರಕ್ತ ಬರುತ್ತದೆ. ಆಸ್ಪತ್ರೆಯಲ್ಲಿ ಮಿದುಳನ್ನು ಮೊದಲು ನೋಡುತ್ತಾರೆ, ಅದೇ ಸರಿ. ಜೀವ ಉಳಿಯಬೇಕು. ಆದರೆ ಜೀವ ಉಳಿದ ಮೇಲೆ ಕಿವಿಯ ಮಾತನ್ನು ಯಾರೂ ಎತ್ತುವುದಿಲ್ಲ. ಮನೆಮನೆಗೆ ಊಟ ತಲುಪಿಸುವ ಕೆಲಸದ ಒಬ್ಬ ಹುಡುಗ ಅಪಘಾತವಾಗಿ ಒಂದೂವರೆ ವರ್ಷದ ನಂತರ ಬಂದ. ಅವನ ಬಿಡುಗಡೆ ಚೀಟಿಯಲ್ಲಿ ನಾಲ್ಕು ಪುಟಗಳಿದ್ದವು, ಕೇಳುವಿಕೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಗಿರಾಕಿಗಳ ಫೋನನ್ನು ಎಡಗಿವಿಗೆ ಬದಲಾಯಿಸಿಕೊಂಡು ದಿನ ತಳ್ಳುತ್ತಿದ್ದ. ‘ನರ ಹೋಗಿದೆ, ಏನೂ ಮಾಡಲಾಗದು’ ಎಂದು ಯಾರೋ ಅಂದಿದ್ದರಂತೆ. ಶ್ರುತಿಕವೆಯನ್ನು ಹಣೆಗಿಟ್ಟೆ. ಕೇಳಿಸದ ಬಲಗಿವಿಯ ಕಡೆಗೇ ದನಿ ಸರಿಯಿತು. ನರ ಹೋಗಿದ್ದರೆ ಹಾಗೆ ಸರಿಯುವುದಿಲ್ಲ. ಒಳಗೆ ಅಡಿಗಲ್ಲು ರಿಕಾಪಿನಿಂದ ಕಳಚಿಕೊಂಡಿತ್ತು. ಒಂದು ನಿಮಿಷದ ಪರೀಕ್ಷೆ ಮಾಡದೆ ಹದಿನೆಂಟು ತಿಂಗಳು ಕಳೆದುಹೋಗಿದ್ದವು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅಪಘಾತವಾದ ಕೂಡಲೇ ಕಿವಿ ಮಂದವಾದರೆ ಹೆದರಬೇಡಿ. ನಡುಗಿವಿಯಲ್ಲಿ ರಕ್ತ ತುಂಬಿದ್ದರೆ ಅದು ಕೆಲವು ವಾರಗಳಲ್ಲಿ ಇಂಗುತ್ತದೆ, ತಮಟೆಯ ಸಣ್ಣ ಹರಕು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಎರಡು ಮೂರು ತಿಂಗಳಾದರೂ ಮಂದವಾಗಿಯೇ ಇದ್ದರೆ ಮೂಳೆಗಳನ್ನು ಸಂಶಯಿಸಬೇಕು. ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿಯಾಗಿ ಹಾಕಿಕೊಳ್ಳಿ. ಪೊಲೀಸರಿಗಾಗಿ ತಲೆಯ ಮೇಲೆ ಇಟ್ಟುಕೊಂಡ ಹೆಲ್ಮೆಟ್ಟು ಬಿದ್ದಾಗ ತಲೆಗಿಂತ ಮೊದಲು ಹಾರಿಹೋಗುತ್ತದೆ. ಇಯರ್ ಬಡ್, ಹೇರ್‌ಪಿನ್, ಬೆಂಕಿಕಡ್ಡಿಗಳಿಂದ ಗುಗ್ಗೆ ತೆಗೆಯುವಾಗ ಮಗು ಓಡಿ ಬಂದು ಮೊಣಕೈಗೆ ಡಿಕ್ಕಿ ಹೊಡೆದು, ಕಡ್ಡಿ ತಮಟೆಯನ್ನು ಸೀಳಿ ಮೂಳೆಗಳನ್ನೇ ಕದಲಿಸಿದ್ದನ್ನು ನೋಡಿದ್ದೇನೆ. ಇನ್ನು ಮೇಷ್ಟ್ರುಗಳೂ ತಂದೆಯರೂ ಇಲ್ಲಿದ್ದೀರಿ, ಕೈ ಮುಗಿದು ಕೇಳುತ್ತೇನೆ: ಯಾರ ಕಪಾಳಕ್ಕೂ ಹೊಡೆಯಬೇಡಿ. ಅಂಗೈ ಕಿವಿಯ ಮೇಲೆ ಬಿದ್ದರೆ ಕೊಳವೆಯಲ್ಲಿನ ಗಾಳಿ ಸಿಡಿಮದ್ದಿನಂತೆ ತಮಟೆಗೆ ಅಪ್ಪಳಿಸುತ್ತದೆ. ಹೆಂಗಸರು ‘ಬಚ್ಚಲಲ್ಲಿ ಜಾರಿಬಿದ್ದೆ’ ಎಂದು ತರುವ ಹರಿದ ತಮಟೆಗಳಲ್ಲಿ ಎಷ್ಟು ನಿಜವಾಗಿ ಬಚ್ಚಲಿನವು ಎಂದು ನಮಗೆ ತಿಳಿಯುತ್ತದೆ.

ಮೂಳೆ ಕರಗದೆ, ಕಳಚದೆ, ಹೆಪ್ಪುಗಟ್ಟಿ ನಿಲ್ಲುವ ಕಾಯಿಲೆಯೂ ಒಂದಿದೆ, ಓಟೋಸ್ಕ್ಲೆರೋಸಿಸ್. ರಿಕಾಪಿನ ಪಾದದ ಸುತ್ತ ಹೊಸ ಮೂಳೆ ಬೆಳೆದು ಅದು ಅಲುಗಾಡದಂತಾಗುತ್ತದೆ. ಹೆಂಗಸರಲ್ಲಿ ಹೆಚ್ಚು ಕಾಣುತ್ತದೆ. ಪೀಣ್ಯದ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳು, “ಮೇಡಂ, ಫ್ಯಾಕ್ಟರಿಯಲ್ಲಿ ಮಿಷನ್ ಓಡುವಾಗ ಪಕ್ಕದವಳ ಮಾತು ಚೆನ್ನಾಗಿ ಕೇಳಿಸುತ್ತದೆ, ಮನೆಗೆ ಹೋದರೆ ಕೇಳಿಸುವುದಿಲ್ಲ” ಎಂದಳು. ಗಂಡನಿಗೆ ಅದು ಸೋಗಿನಂತೆ ಕಂಡಿತ್ತು. ಅವಳು ಹೇಳಿದ್ದು ಅಕ್ಷರಶಃ ನಿಜ. ಗದ್ದಲದಲ್ಲಿ ಎಲ್ಲರೂ ದನಿಯೇರಿಸಿ ಮಾತಾಡುತ್ತಾರೆ, ಆದರೆ ಆ ಗದ್ದಲ ಇವಳನ್ನು ಅಷ್ಟಾಗಿ ಮುಟ್ಟುವುದಿಲ್ಲ. ಇಂತಹವರು ತಾವು ಮೆಲ್ಲಗೆ ಮಾತಾಡುತ್ತಾರೆ, ತಮ್ಮ ದನಿ ತಲೆಬುರುಡೆಯ ದಾರಿಯಿಂದ ಅವರಿಗೆ ಜೋರಾಗಿಯೇ ಕೇಳಿಸುತ್ತಿರುತ್ತದೆ. ನೀವು ಬೆರಳಿಟ್ಟು ಹೂಂಗುಟ್ಟಿದಾಗ ಕೇಳಿಸಿತಲ್ಲ, ಅವರ ಬದುಕು ದಿನವಿಡೀ ಹಾಗೆ.

ನ್ಯೂಯಾರ್ಕಿನ ಸ್ಯಾಮ್ಯುಯೆಲ್ ರೋಸೆನ್ 1952ರಲ್ಲಿ ಇಂತಹ ರೋಗಿಯೊಬ್ಬರ ರಿಕಾಪು ನಿಜವಾಗಿ ಅಂಟಿಕೊಂಡಿದೆಯೇ ಎಂದು ಪರೀಕ್ಷಿಸಲು ಸಲಕರಣೆಯಿಂದ ಒತ್ತಿದಾಗ ಅದು ಸಡಿಲವಾಗಿ, ಎಚ್ಚರವಾಗಿದ್ದ ರೋಗಿಗೆ ಮೇಜಿನ ಮೇಲೆಯೇ ಕೇಳಿಸತೊಡಗಿತು. ನಾಲ್ಕು ವರ್ಷಗಳ ನಂತರ, 1956ರಲ್ಲಿ, ಜಾನ್ ಶಿಯಾ ರಿಕಾಪನ್ನು ತೆಗೆದು ಟೆಫ್ಲಾನಿನ ಬದಲಿಯನ್ನು ಕೂರಿಸಿದರು. ಇವತ್ತು ಬೆಂಗಳೂರಿನಲ್ಲಿ ನಾವು ಮಾಡುವುದು ಅದರ ಮುಂದುವರಿದ ರೂಪ. ಪಾದದಲ್ಲಿ ಸಣ್ಣ ತೂತು ಕೊರೆದು, ಅರ್ಧ ಮಿಲಿಮೀಟರ್ ದಪ್ಪದ ಪಿಸ್ಟನ್ ಇಳಿಸಿ, ಅದರ ಕೊಕ್ಕೆಯನ್ನು ಅಡಿಗಲ್ಲಿಗೆ ಸಿಕ್ಕಿಸುತ್ತೇವೆ.

ಕಡಿದ ಸರಪಳಿಯನ್ನು ಕೂಡಿಸುವುದು ನಗರ್ತಪೇಟೆಯ ಅಕ್ಕಸಾಲಿಗರ ಕೆಲಸವನ್ನು ಹೋಲುತ್ತದೆ. ಅಡಿಗಲ್ಲಿನ ತುದಿ ಮಾತ್ರ ಸವೆದಿದ್ದರೆ ಮೂಳೆಯ ಸಿಮೆಂಟಿನಿಂದ ತುಂಬಬಹುದು. ಹೆಚ್ಚು ಸವೆದಿದ್ದರೆ ಅದನ್ನೇ ಹೊರತೆಗೆದು, ಕೆತ್ತಿ, ರಿಕಾಪಿನ ತಲೆಗೆ ಟೋಪಿಯಂತೆ ಕೂರಿಸಬಹುದು. ಕೊಲೆಸ್ಟಿಯಟೋಮ ತಗಲಿದ್ದ ಮೂಳೆಯನ್ನು ಮಾತ್ರ ಮತ್ತೆ ಬಳಸುವುದಿಲ್ಲ, ರೋಗದ ಎಳೆ ಉಳಿದಿರಬಹುದು. ಆಗ ಕಿವಿಯ ಮುಂದಿನ ಮೆದುಮೂಳೆಯ ಚೂರು, ಇಲ್ಲವೇ ಟೈಟಾನಿಯಂ. ಕೆಲವೊಮ್ಮೆ ತಮಟೆಯನ್ನೇ ನೇರವಾಗಿ ರಿಕಾಪಿನ ತಲೆಯ ಮೇಲೆ ಹೊದಿಸುತ್ತೇವೆ. ಆಗ ಆ ಮನುಷ್ಯ ಕೋಗಿಲೆಯಂತೆ ಒಂದೇ ಮೂಳೆಯಿಂದ ಕೇಳುತ್ತಾನೆ, ಸಾಕಷ್ಟು ಚೆನ್ನಾಗಿಯೇ ಕೇಳುತ್ತಾನೆ. ರಿಕಾಪು ಪೂರ್ತಿ ಉಳಿದಿದ್ದವರಿಗೆ ಫಲ ಒಳ್ಳೆಯದು. ಅದರ ಕಮಾನೂ ಕರಗಿ ಪಾದ ಮಾತ್ರ ಉಳಿದಿದ್ದರೆ ಫಲ ಅಷ್ಟು ಖಚಿತವಲ್ಲ. ತಡ ಮಾಡಬೇಡಿ ಎಂದು ಬೆಳಗಿನಿಂದ ಹೇಳುತ್ತಿರುವುದು ಈ ಕಾರಣಕ್ಕೆ.

ರುಚಿಯ ನರವೊಂದು ಸುತ್ತಿಗೆ ಮತ್ತು ಅಡಿಗಲ್ಲಿನ ನಡುವೆಯೇ ಹಾದುಹೋಗುತ್ತದೆ. ಆಪರೇಷನ್ನಿನಲ್ಲಿ ಅದು ಎಳೆದಂತಾದರೆ ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು, ಬಾಯಿಯ ಒಂದು ಪಕ್ಕದಲ್ಲಿ ಕಾಫಿಯೂ ಲೋಹದ ರುಚಿ ಕೊಡುತ್ತದೆ. ಮುಂಚೆಯೇ ತಿಳಿದಿದ್ದರೆ ಗಾಬರಿಯಾಗುವುದಿಲ್ಲ.

ಇನ್ನು ಪ್ರಶ್ನೆಗಳು. ಬೆಳ್ಳುಳ್ಳಿ ಎಣ್ಣೆ ಬೆಚ್ಚಗೆ ಮಾಡಿ ಬಿಡಬಹುದೇ ಎಂದು ಒಬ್ಬ ತಾಯಿ ಕೇಳಿದರು. ಬೇಡಮ್ಮ. ತಮಟೆಯಲ್ಲಿ ತೂತಿದ್ದರೆ ಎಣ್ಣೆ ಸೀದಾ ನಡುಗಿವಿಗೆ ಇಳಿಯುತ್ತದೆ. ಸೋರುವ ಕಿವಿಗೆ ತಲೆಸ್ನಾನದ ದಿನ ಹತ್ತಿಗೆ ವ್ಯಾಸಲೀನ್ ಸವರಿ ಇಡಿ, ನೀರು ಹೋಗಬಾರದು. ಮಗುವಿಗೆ ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸಬೇಡಿ, ತಲೆ ಎತ್ತರದಲ್ಲಿರಲಿ. ಮಕ್ಕಳ ಯೂಸ್ಟೇಶಿಯನ್ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಡ್ಡ ಇರುತ್ತದೆ, ಗಂಟಲಿನದೆಲ್ಲ ಸುಲಭವಾಗಿ ಕಿವಿಗೆ ಏರುತ್ತದೆ.

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರು, ತರಗತಿಯಲ್ಲಿ ಇಂತಹ ಮಗುವನ್ನು ಗುರುತಿಸುವುದು ಹೇಗೆ ಎಂದರು. ಆ ದಿನದ ಅತ್ಯುತ್ತಮ ಪ್ರಶ್ನೆ ಅದು. ‘ಹೇಳಿದ್ದು ಕೇಳುವುದಿಲ್ಲ, ಉಡಾಫೆ’ ಎಂದು ನೀವು ಬೈಯುವ ಮಗುವನ್ನು ಒಮ್ಮೆ ನೋಡಿ. ಮುಖ ನೋಡಿದಾಗ ಉತ್ತರ ಕೊಟ್ಟು, ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಉಕ್ತಲೇಖನದಲ್ಲಿ ಮಾತ್ರ ತಪ್ಪುಗಳು ಹೆಚ್ಚಿದ್ದರೆ, ಪಕ್ಕದ ಮಕ್ಕಳು ‘ವಾಸನೆ’ ಎಂದು ದೂರ ಕೂತರೆ, ಆ ಮಗುವನ್ನು ಮುಂದಿನ ಬೆಂಚಿಗೆ ಕರೆದು ತಾಯಿಗೆ ಹೇಳಿ ಕಳುಹಿಸಿ. ವಿಕ್ಟೋರಿಯಾ, ಬೌರಿಂಗ್‌ನಂತಹ ಸರ್ಕಾರಿ ಆಸ್ಪತ್ರೆಗಳಲ್ಲಿ ಕಿವಿ ವಿಭಾಗವಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕೆಲಸವನ್ನೇ ಮಾಡುತ್ತಿದೆ.

ಸಭೆ ಮುಗಿದ ಮೇಲೆ ಮೂರನೆಯ ಸಾಲಿನ ಯಜಮಾನರ ಹತ್ತಿರ ಹೋದೆ. ಚೀಲದಲ್ಲಿದ್ದ ಶ್ರುತಿಕವೆಯನ್ನು ತಟ್ಟಿ ಹಣೆಗಿಟ್ಟೆ. “ಬಲಗಡೆ.” ಬಲಗಿವಿಯ ಹಿಂದಿನ ಮೂಳೆಗೆ ಒತ್ತಿಟ್ಟು, ಆಮೇಲೆ ಕಿವಿಯ ಮುಂದೆ ಹಿಡಿದೆ. “ಹಿಂದೆ ಇಟ್ಟಾಗಲೇ ಜೋರು.” ಚಿಕ್ಕಂದಿನಲ್ಲಿ ಸೋರುತ್ತಿತ್ತೇ ಎಂದೆ. ಮದ್ದೂರಿನ ಕಡೆಯ ಊರು, ಕೆರೆಯಲ್ಲಿ ಈಜಿದಾಗಲೆಲ್ಲ ಸೋರುತ್ತಿತ್ತಂತೆ, ಈಗಲೂ ಮಳೆಗಾಲದಲ್ಲಿ ಒಮ್ಮೊಮ್ಮೆ. “ಎಪ್ಪತ್ತೆರಡಾಯಿತು, ವಯಸ್ಸಿಗೆ ಕಿವಿ ಮಂದವಾಗಿದೆ ಎಂದುಕೊಂಡಿದ್ದೆ. ಈ ವಯಸ್ಸಿನಲ್ಲಿ ಏನಾದರೂ ಆಗುತ್ತದೆಯೇ, ಡಾಕ್ಟರಮ್ಮ?” ವಯಸ್ಸಿನ ಮಂದತನ ಎರಡೂ ಕಿವಿಗೆ ಸಮನಾಗಿ ಬರುತ್ತದೆ, ನಿಮ್ಮ ಬಲಗಿವಿಯ ನರ ಇನ್ನೂ ಕೆಲಸ ಮಾಡುವಂತೆ ಕಾಣುತ್ತಿದೆ, ತೂತು ಎಲ್ಲಿದೆ, ಮೂಳೆ ಎಷ್ಟು ಉಳಿದಿದೆ ಎಂದು ನೋಡಬೇಕು ಎಂದೆ. ಪಕ್ಕದಲ್ಲಿದ್ದ ಸೊಸೆ ಬುಧವಾರದ ಹೊತ್ತು ಬರೆದುಕೊಂಡಳು. ಹಳೆಯ ಚೀಟಿಗಳಿದ್ದರೆ ತನ್ನಿ, ಅಲ್ಲಿಯವರೆಗೆ ಕಿವಿಗೆ ಏನೂ ಹಾಕಬೇಡಿ ಎಂದೆ.